ಆಗದೆ ಹೋದದ್ದನ್ನು ಇಂಗ್ಲಿಷಿನಲ್ಲಿ ಹೇಳಲು ಕಲಿತ ಬಗೆ

ನನ್ನ ಉದ್ಯೋಗದ ಪತ್ರವ್ಯವಹಾರವೆಲ್ಲ ನಡೆಯುವುದು ಇಂಗ್ಲಿಷಿನಲ್ಲಿ. ವಿಷಯ ತಿಳಿಸುವುದು, ವಿವರ ಕೇಳುವುದು, ಗಡುವು ಗೊತ್ತುಮಾಡುವುದು ಮುಂತಾದವಕ್ಕೆ ಬೇಕಾದ ಭಾಷೆ ಕೈಗೆ ಹತ್ತಿ ಎಷ್ಟೋ ಕಾಲವಾಗಿತ್ತು. ಅದರ ಬಗ್ಗೆ ಯೋಚಿಸಬೇಕಾದ ಪ್ರಸಂಗವೇ ಬರುತ್ತಿರಲಿಲ್ಲ. ಆದರೆ ‘ಮೊದಲೇ ಗೊತ್ತಿದ್ದಿದ್ದರೆ ಚೆನ್ನಾಗಿತ್ತು’, ‘ಹಾಗೆ ಬರೆಯಬಾರದಿತ್ತು’, ‘ಇನ್ನೊಂದಿಷ್ಟು ಸಮಯ ಸಿಗಬೇಕಿತ್ತು’ ಎಂಬ ಧಾಟಿಯ ಮಾತು ಬಂದ ಕೂಡಲೇ ಬರವಣಿಗೆ ತಡೆಯುತ್ತಿತ್ತು. ಇಂಥ ಕಡೆ ಒಂದು ‘ಸಾರಿ’ ಸೇರಿಸಿ ಮುಂದೆ ಹೋಗುವುದು ಎಲ್ಲರ ರೂಢಿ, ಅದರಿಂದ ಕೆಲಸವೇನೂ ಕೆಡುವುದಿಲ್ಲ. ಆದರೆ ಕ್ಷಮೆ ಕೇಳುವುದು ಬೇರೆ, ಹೀಗಾಗಬಾರದಿತ್ತೆಂದು ಹಳಹಳಿಸುವುದು ಬೇರೆ, ಹೀಗಿದ್ದರೆ ಚೆನ್ನ ಎಂದು ಹಂಬಲಿಸುವುದು ಮತ್ತೂ ಬೇರೆ. ಮೂರನ್ನೂ ಒಂದೇ ಪದಕ್ಕೆ ಕಟ್ಟಿಹಾಕುವುದು ಸರಿಯೆನಿಸದೆ, ವಯಸ್ಕರಿಗಾಗಿ ಸಂಜೆಯ ಹೊತ್ತು ನಡೆಯುವ ಒಂದು ಆನ್‌ಲೈನ್ ವ್ಯಾಕರಣ ತರಗತಿಗೆ ಸೇರಿದೆ. ಅಲ್ಲಿ ಕಲಿತದ್ದನ್ನೆಲ್ಲ ಇಲ್ಲಿ ಬರೆಯುವುದಿಲ್ಲ. ಆಸೆ ಮತ್ತು ಹಳಹಳಿಕೆಯ ವಾಕ್ಯಗಳು ಹಂತಹಂತವಾಗಿ ನನ್ನ ಕೈಗೆ ಬಂದ ಬಗೆಯನ್ನಷ್ಟೇ ಹೇಳುತ್ತೇನೆ.

ಪಾಠ ಹೇಳುತ್ತಿದ್ದ ಮೇಡಂ ನಿವೃತ್ತ ಅಧ್ಯಾಪಕಿ. ಈ ಭಾಗವನ್ನು ಆರಂಭಿಸಿದ ದಿನ ಅವರು ‘ವಿಶ್’ ಎಂಬ ಕ್ರಿಯಾಪದವನ್ನು ಬಾಯಲ್ಲಿ ಎತ್ತಲೇ ಇಲ್ಲ. “ನಿಮಗೆ ಇಷ್ಟವಿಲ್ಲದ ಸಂಗತಿಗಳನ್ನು ಬರೆಯಿರಿ. ಆಸೆ ಬೇಡ, ಬರೀ ಸಂಗತಿ. ಸಾಧಾರಣ ಇಂಗ್ಲಿಷಿನಲ್ಲಿ, ಹೇಗಿದೆಯೋ ಹಾಗೆ,” ಎಂದರು. ತರಗತಿಯವರೆಲ್ಲ ಬರೆದೆವು. ‘ಐ ಡೋಂಟ್ ನೋ ದಿ ಆನ್ಸರ್’ ಎಂದು ಒಬ್ಬರು, ‘ಐ ಕಾಂಟ್ ಸ್ವಿಮ್’ ಎಂದು ಇನ್ನೊಬ್ಬರು, ‘ಮೈ ಬ್ರದರ್ ಈಸ್ ನಾಟ್ ಹಿಯರ್’ ಎಂದು ಮತ್ತೊಬ್ಬರು. ನಾನು ಬರೆದದ್ದು ‘ಐ ಡಿಡ್ಂಟ್ ಕೀಪ್ ಎ ಕಾಪಿ’ ಎಂದು. ಆಮೇಲೆ ಅವರು ಒಂದೊಂದು ವಾಕ್ಯವನ್ನೂ ತೆರೆಯ ಮೇಲೆ ಹಾಕಿ ಎರಡೇ ಕೆಲಸ ಮಾಡಿಸಿದರು: ‘ಇಲ್ಲ’ ಇದ್ದರೆ ‘ಹೌದು’ ಮಾಡಿ, ‘ಹೌದು’ ಇದ್ದರೆ ‘ಇಲ್ಲ’ ಮಾಡಿ, ಬಳಿಕ ಕ್ರಿಯಾಪದವನ್ನು ಕಾಲದಲ್ಲಿ ಒಂದು ಮೆಟ್ಟಿಲು ಹಿಂದಕ್ಕೆ ಇಳಿಸಿ. ‘ಡೋಂಟ್ ನೋ’ ಎಂಬುದು ‘ನ್ಯೂ’ ಆಯಿತು, ‘ಕಾಂಟ್’ ಎಂಬುದು ‘ಕುಡ್’ ಆಯಿತು, ‘ಈಸ್ ನಾಟ್’ ಎಂಬುದು ‘ವರ್’ ಆಯಿತು, ನನ್ನ ‘ಡಿಡ್ಂಟ್ ಕೀಪ್’ ಎಂಬುದು ‘ಹ್ಯಾಡ್ ಕೆಪ್ಟ್’ ಆಯಿತು. ಎಲ್ಲದರ ಹಿಂದೆ ‘ಐ ವಿಶ್’ ಸೇರಿಸಿದಾಗ ತೆರೆಯ ಮೇಲೆ ನಾಲ್ಕು ಸರಿಯಾದ ವಾಕ್ಯಗಳು ಸಾಲಾಗಿ ನಿಂತಿದ್ದವು: ‘ಐ ವಿಶ್ ಐ ನ್ಯೂ ದಿ ಆನ್ಸರ್’, ‘ಐ ವಿಶ್ ಐ ಕುಡ್ ಸ್ವಿಮ್’, ‘ಐ ವಿಶ್ ಮೈ ಬ್ರದರ್ ವರ್ ಹಿಯರ್’, ‘ಐ ವಿಶ್ ಐ ಹ್ಯಾಡ್ ಕೆಪ್ಟ್ ಎ ಕಾಪಿ’.

ಶಾಲೆಯಲ್ಲಿ ಇದೇ ಪಾಠವನ್ನು ಸೂತ್ರದಂತೆ ಉರುಹೊಡೆದಿದ್ದೆವು: ವಿಶ್ ಆದ ಮೇಲೆ ಭೂತಕಾಲ, ಹಿಂದಿನ ವಿಷಯವಾದರೆ ಪಾಸ್ಟ್ ಪರ್ಫೆಕ್ಟ್. ಸೂತ್ರ ತಪ್ಪಲ್ಲ, ಆದರೆ ಅದು ಆಸೆಯಿಂದ ಹೊರಟು ರೂಪವನ್ನು ಹುಡುಕುತ್ತದೆ. ಆಸೆ ಎಂಬುದಕ್ಕೆ ಕಾಲವಿಲ್ಲದ್ದರಿಂದ ಹುಡುಕಾಟ ಅಲ್ಲೇ ದಾರಿ ತಪ್ಪುತ್ತದೆ. ಸಂಗತಿಗಾದರೋ ಕಾಲವಿದೆ. ಈಗ ಗೊತ್ತಿಲ್ಲವೇ, ಆಗ ಗೊತ್ತಿರಲಿಲ್ಲವೇ ಎಂದು ಮೊದಲು ತೀರ್ಮಾನಿಸಿಕೊಂಡರೆ ಉಳಿದದ್ದು ತಾನಾಗಿ ಇಳಿದು ಬರುತ್ತದೆ. ತರಗತಿ ಮುಗಿಯುವವರೆಗೂ ನಾನು ನೋಟ್‌ಬುಕ್ಕಿನ ಎಡಪುಟದಲ್ಲಿ ಸಂಗತಿಯನ್ನೂ ಬಲಪುಟದಲ್ಲಿ ಹಂಬಲವನ್ನೂ ಬರೆಯುವ ಕ್ರಮವನ್ನು ಬಿಡಲಿಲ್ಲ. ಎಡಪುಟ ಖಾಲಿ ಬಿಟ್ಟು ನೇರವಾಗಿ ಬಲಪುಟಕ್ಕೆ ಹೋಗಲು ಮೇಡಂ ಕೂಡ ಯಾರನ್ನೂ ಬಿಡುತ್ತಿರಲಿಲ್ಲ.

ಕನ್ನಡದಲ್ಲಿ ಯೋಚಿಸುವವರಿಗೆ ಈ ಎಡಪುಟ ಏಕೆ ಅಷ್ಟು ಬೇಕು ಎಂಬುದು ತುಸು ತಡವಾಗಿ ತಿಳಿಯಿತು. ‘ನನಗೆ ಗೊತ್ತಿದ್ದಿದ್ದರೆ ಹೇಳುತ್ತಿದ್ದೆ’ ಎಂಬ ವಾಕ್ಯವನ್ನು ತೆಗೆದುಕೊಳ್ಳಿ. ಯಾರೋ ಈಗ ದಾರಿ ಕೇಳಿದಾಗಲೂ ಹೀಗೆನ್ನಬಹುದು, ಕಳೆದ ತಿಂಗಳು ಕೇಳಿದ್ದರ ಬಗ್ಗೆ ಇವತ್ತು ಮಾತು ಬಂದಾಗಲೂ ಹೀಗೇ ಎನ್ನಬಹುದು. ಯಾವುದೆಂದು ಸಂದರ್ಭ ಹೇಳುತ್ತದೆ. ಇಂಗ್ಲಿಷ್ ಈ ಕೆಲಸವನ್ನು ಸಂದರ್ಭಕ್ಕೆ ಬಿಡುವುದಿಲ್ಲ. ಮೊದಲನೆಯದಕ್ಕೆ ‘ಇಫ್ ಐ ನ್ಯೂ, ಐ ವುಡ್ ಟೆಲ್ ಯು’, ಎರಡನೆಯದಕ್ಕೆ ‘ಇಫ್ ಐ ಹ್ಯಾಡ್ ನೋನ್, ಐ ವುಡ್ ಹ್ಯಾವ್ ಟೋಲ್ಡ್ ಯು’. ನಡುವೆ ನಿಲ್ಲಲು ಜಾಗವಿಲ್ಲ. ನಾವು ಬಾಯಲ್ಲಿ ಒಂದೇ ರೂಪ ಇಟ್ಟುಕೊಂಡು ಬಂದವರಾದ್ದರಿಂದ, ಕಾಲ ಯಾವುದೆಂದು ನಮ್ಮನ್ನು ನಾವೇ ಕೇಳಿಕೊಳ್ಳುವ ಅಭ್ಯಾಸವನ್ನು ಬೇರೆಯಾಗಿ ಬೆಳೆಸಿಕೊಳ್ಳಬೇಕಾಗುತ್ತದೆ.

ಎರಡನೆಯ ಹಂತದಲ್ಲಿ ತರಗತಿಯ ಒಬ್ಬ ಇಂಜಿನಿಯರ್ ಮಿತ್ರರು ಎಲ್ಲರ ಮನಸ್ಸಿನಲ್ಲಿದ್ದ ಪ್ರಶ್ನೆಯನ್ನು ಕೇಳಿದರು. “ಮೇಡಂ, ಉತ್ತರ ಗೊತ್ತಿಲ್ಲದಿರುವುದು ಈಗ. ಗೊತ್ತಾಗಲಿ ಎಂಬ ಆಸೆಯೂ ಈಗ. ಹಾಗಿದ್ದ ಮೇಲೆ ‘ನ್ಯೂ’ ಎಂಬ ಭೂತಕಾಲ ಎಲ್ಲಿಂದ ಬಂತು?” ಮೇಡಂ ಇದನ್ನು ‘ಹಾಗೆಯೇ ಇದೆ, ಒಪ್ಪಿಕೊಳ್ಳಿ’ ಎಂದು ತಳ್ಳಿಹಾಕಬಹುದಿತ್ತು, ಬಹುಪಾಲು ಕಡೆ ಹಾಗೆಯೇ ಮಾಡುತ್ತಾರೆ. ಅವರು ಹಾಗೆ ಮಾಡದೆ ಒಂದಿಡೀ ತರಗತಿಯನ್ನು ಇದಕ್ಕೇ ಮೀಸಲಿಟ್ಟರು. ಇಲ್ಲಿ ಭೂತಕಾಲದ ರೂಪ ಸಮಯವನ್ನು ಸೂಚಿಸುತ್ತಿಲ್ಲ, ವಾಸ್ತವದಿಂದ ಇರುವ ದೂರವನ್ನು ಸೂಚಿಸುತ್ತಿದೆ ಎಂಬುದು ಅವರ ಉತ್ತರದ ತಿರುಳು. ಡೆನ್ಮಾರ್ಕಿನ ಭಾಷಾಶಾಸ್ತ್ರಜ್ಞ ಆಟೊ ಯೆಸ್ಪರ್ಸನ್ ಕಳೆದ ಶತಮಾನದ ಮೊದಲ ಭಾಗದಲ್ಲೇ ಇಂಗ್ಲಿಷಿನ ಈ ಬಳಕೆಯನ್ನು ಕಲ್ಪನೆಗೆ ಸೇರಿದ ಭೂತಕಾಲವೆಂದು ಬೇರೆಯಾಗಿ ಗುರುತಿಸಿದ್ದರು. 2000ರಲ್ಲಿ ಸಬೀನ್ ಇಯಾಟ್ರಿಡೂ ಎಂಬ ಭಾಷಾವಿಜ್ಞಾನಿ ಇಂಗ್ಲಿಷನ್ನೂ ಆಧುನಿಕ ಗ್ರೀಕನ್ನೂ ಪಕ್ಕಪಕ್ಕದಲ್ಲಿಟ್ಟು ಬರೆದ ಪ್ರಬಂಧದಲ್ಲಿ ಇದನ್ನು ‘ಫೇಕ್ ಪಾಸ್ಟ್’, ಅಂದರೆ ಸೋಗಿನ ಭೂತಕಾಲ ಎಂದು ಕರೆದರು. ಫ್ರೆಂಚಿನಲ್ಲಿಯೂ ‘ನಾನು ಶ್ರೀಮಂತನಾಗಿದ್ದರೆ’ ಎನ್ನುವಾಗ ಬಳಸುವುದು ಭೂತಕಾಲದ ಒಂದು ರೂಪವನ್ನೇ. ಅಂದರೆ ಇದು ಇಂಗ್ಲಿಷಿನ ವಕ್ರತನವಲ್ಲ.

ಆಮೇಲೆ ಮೇಡಂ ಕನ್ನಡಕ್ಕೆ ಬಂದರು, ಮತ್ತು ನನಗೆ ಆ ಸಂಜೆಯ ಅತ್ಯಂತ ಬೆಲೆಯುಳ್ಳ ಭಾಗ ಅದೇ. ‘ನಾಳೆ ಮಳೆ ಬಂದರೆ’ ಎನ್ನುತ್ತೇವೆ. ನಾಳೆಯೆಂಬುದು ಇನ್ನೂ ಬಂದಿಲ್ಲ, ಆದರೆ ‘ಬಂದ’ ಎಂಬ ಭೂತಕಾಲದ ಧಾತುರೂಪದ ಮೇಲೆಯೇ ‘ಅರೆ’ ಕೂತಿದೆ. ಶಾಲೆಯ ವ್ಯಾಕರಣದಲ್ಲಿ ಸಂಭಾವನಾರ್ಥಕ ರೂಪ ಎಂದು ಓದಿದ ‘ಬಂದಾನು’, ‘ಹೋದೀತು’, ‘ತಂದೇನು’ ಇವೂ ನಿಂತಿರುವುದು ಅದೇ ಭೂತಕಾಲದ ಬುಡದ ಮೇಲೆ. ಮತ್ತೆ ಈ ಮೂರು ವಾಕ್ಯಗಳನ್ನು ನೋಡಿ: ‘ಅವನು ಬಂದರೆ ಚೆನ್ನಾಗಿರುತ್ತದೆ’, ‘ಅವನು ಬಂದರೆ ಚೆನ್ನಾಗಿತ್ತು’, ‘ಅವನು ಬಂದಿದ್ದರೆ ಚೆನ್ನಾಗಿತ್ತು’. ಮೊದಲನೆಯದರಲ್ಲಿ ಬಾಗಿಲು ತೆರೆದಿದೆ, ಅವನು ಬಂದಾನು. ಎರಡನೆಯದರಲ್ಲಿ ಬರುವುದು ಅನುಮಾನ, ಆದರೂ ಹಂಬಲ. ಮೂರನೆಯದರಲ್ಲಿ ಬರಲಿಲ್ಲ, ಕಥೆ ಮುಗಿಯಿತು. ಮೊದಲನೆಯದಕ್ಕೂ ಎರಡನೆಯದಕ್ಕೂ ಇರುವ ವ್ಯತ್ಯಾಸ ‘ಇರುತ್ತದೆ’ ಹೋಗಿ ‘ಇತ್ತು’ ಬಂದದ್ದು ಮಾತ್ರ, ಸಮಯ ಒಂದಿಷ್ಟೂ ಬದಲಾಗಿಲ್ಲ. ಇಂಗ್ಲಿಷಿನವರು ‘ಐ ಹೋಪ್ ಹಿ ಕಮ್ಸ್’, ‘ಐ ವಿಶ್ ಹಿ ವುಡ್ ಕಮ್’, ‘ಐ ವಿಶ್ ಹಿ ಹ್ಯಾಡ್ ಕಮ್’ ಎಂದು ಮಾಡುವ ವಿಂಗಡಣೆ ನಮ್ಮ ಬಾಯಲ್ಲಿ ಹುಟ್ಟಿನಿಂದಲೇ ಇದೆ. ಇಂಜಿನಿಯರ್ ಮಿತ್ರರು ಮತ್ತೆ ಆ ಪ್ರಶ್ನೆ ಕೇಳಲಿಲ್ಲ.

‘ಹೋಪ್’ ಮತ್ತು ‘ವಿಶ್’ ನಡುವಿನ ಗೆರೆಯನ್ನು ಅಲ್ಲಿಗೇ ಎಳೆದುಕೊಂಡೆವು. ಆಗಬಹುದಾದದ್ದಕ್ಕೆ ಹೋಪ್, ಇಲ್ಲದ್ದಕ್ಕೆ ಅಥವಾ ಆಗದೆ ಹೋದದ್ದಕ್ಕೆ ವಿಶ್. ‘ಐ ವಿಶ್ ಯು ಪಾಸ್ ದಿ ಎಕ್ಸಾಮ್’ ಎಂದು ಹಾರೈಕೆಯ ಪತ್ರಗಳಲ್ಲಿ ಎಷ್ಟು ಕಂಡರೂ ಅದು ನಿಲ್ಲುವುದಿಲ್ಲ. ‘ಐ ಹೋಪ್ ಯು ಪಾಸ್’ ಎನ್ನಬೇಕು, ಇಲ್ಲವೇ ವಾಕ್ಯದ ಬದಲು ನಾಮಪದ ಇಟ್ಟು ‘ಐ ವಿಶ್ ಯು ಸಕ್ಸೆಸ್’ ಎನ್ನಬೇಕು. ವಿಶ್ ಆದ ಮೇಲೆ ನಾಮಪದ ಬಂದರೆ ಅದು ಶುಭಾಶಯ, ‘ಟು’ ಬಂದರೆ ಅದು ಔಪಚಾರಿಕವಾದ ‘ಬೇಕು’, ಕರ್ತೃ ಸಹಿತವಾದ ವಾಕ್ಯ ಬಂದರೆ ಮಾತ್ರ ಕೈಗೂಡದ ಆಸೆ. ಕಚೇರಿಯ ಪತ್ರಗಳಲ್ಲಿ ಓದಿದ ‘ಐ ವಿಶ್ ಟು ಇನ್ಫಾರ್ಮ್ ಯು’ ಎಂಬುದರಲ್ಲಿ ಹಂಬಲದ ಲವಲೇಶವೂ ಇಲ್ಲ ಎಂಬುದು ಇದರಿಂದ ಸ್ಪಷ್ಟವಾಗುತ್ತದೆ.

‘ವಾಸ್’ ಸರಿಯೋ ‘ವರ್’ ಸರಿಯೋ ಎಂಬ ಜಗಳ ತರಗತಿಯಲ್ಲಿ ನಿರೀಕ್ಷೆಗಿಂತ ದೊಡ್ಡದಾಯಿತು. ‘ಐ’, ‘ಹಿ’, ‘ಶಿ’, ‘ಇಟ್’ ಇವುಗಳ ಜೊತೆ ಎಂದಿನ ಭೂತಕಾಲ ‘ವಾಸ್’. ಆದರೆ ವಾಸ್ತವವಲ್ಲದ್ದನ್ನು ಹೇಳುವಾಗ ‘ವರ್’. ಇಂಗ್ಲಿಷಿನ ಕ್ರಿಯಾಪದಗಳಲ್ಲಿ ಅವಾಸ್ತವಕ್ಕೆಂದೇ ಬೇರೆ ರೂಪ ಉಳಿಸಿಕೊಂಡಿರುವುದು ಇದೊಂದೇ, ಅದೂ ಈ ಏಕವಚನದ ಕರ್ತೃಗಳ ಜೊತೆ ಮಾತ್ರ. ರಾಡ್ನಿ ಹಡಲ್‌ಸ್ಟನ್ ಮತ್ತು ಜೆಫ್ರಿ ಪುಲ್ಲಂ 2002ರಲ್ಲಿ ಹೊರತಂದ ಬೃಹತ್ ಇಂಗ್ಲಿಷ್ ವ್ಯಾಕರಣದಲ್ಲಿ ಇದಕ್ಕೆ ‘ಇರಿಯಾಲಿಸ್ ವರ್’ ಎಂಬ ಹೆಸರಿದೆ. ಹಳೆಯ ಪುಸ್ತಕಗಳಲ್ಲಿ ಸಬ್‌ಜಂಕ್ಟಿವ್ ಎಂದಿರುತ್ತದೆ. ಮಾತಿನಲ್ಲಿ ‘ಐ ವಿಶ್ ಐ ವಾಸ್ ದೇರ್’ ಎಂದು ಇಂಗ್ಲಿಷ್ ಮಾತೃಭಾಷೆಯವರೇ ಧಾರಾಳವಾಗಿ ಹೇಳುತ್ತಾರೆ, ಅದನ್ನು ತಪ್ಪೆನ್ನಲಾಗದು. ಬರಹದಲ್ಲಿ, ಪರೀಕ್ಷೆಯಲ್ಲಿ, ಹಿರಿಯರಿಗೆ ಬರೆಯುವ ಪತ್ರದಲ್ಲಿ ‘ವರ್’ ಇಟ್ಟರೆ ಯಾರೂ ಕೆಂಪು ಗೆರೆ ಎಳೆಯುವುದಿಲ್ಲ. ‘ಇಫ್ ಐ ವರ್ ಯು’ ಎಂಬುದಂತೂ ಅಚ್ಚೊತ್ತಿದ ನುಡಿಗಟ್ಟು. ನನ್ನ ಮಟ್ಟಿಗೆ ಎಲ್ಲ ಕಡೆಯೂ ‘ವರ್’ ಎಂದೇ ಇಟ್ಟುಕೊಂಡಿದ್ದೇನೆ. ಎರಡು ರೂಪಗಳನ್ನು ಸಂದರ್ಭಕ್ಕೆ ತಕ್ಕಂತೆ ಬದಲಿಸುವ ಉಸಾಬರಿ ನನಗೆ ಬೇಡ.

ಹಿಂದಿನ ಸಂಗತಿಗಳ ಹಳಹಳಿಕೆಗೆ ಬಂದಾಗ ರೂಪ ಸುಲಭವಾಗಿತ್ತು, ಕಿವಿಗೆ ಕಷ್ಟವಾಯಿತು. ‘ಐ ಡಿಡ್ಂಟ್ ಹ್ಯಾವ್ ಟೈಮ್’ ಎಂಬ ಸಂಗತಿಯನ್ನು ತಿರುವಿ ಹಿಂದಕ್ಕಿಳಿಸಿದರೆ ‘ಐ ವಿಶ್ ಐ ಹ್ಯಾಡ್ ಹ್ಯಾಡ್ ಟೈಮ್’ ಎಂದಾಗುತ್ತದೆ. ಎರಡು ‘ಹ್ಯಾಡ್’ ಒಟ್ಟಿಗೆ ಬಂದಾಗ ಕೈ ತಾನಾಗಿ ಒಂದನ್ನು ಅಳಿಸಲು ಹೋಗುತ್ತದೆ, ಮತ್ತು ಅಳಿಸಿದರೆ ವಾಕ್ಯ ಮುರಿಯುವುದಿಲ್ಲ, ಅರ್ಥ ಬದಲಾಗುತ್ತದೆ: ‘ಐ ವಿಶ್ ಐ ಹ್ಯಾಡ್ ಟೈಮ್’ ಎಂದರೆ ಈಗ ಸಮಯವಿಲ್ಲ ಎಂದು. ಮೊದಲಿನದು ಸಹಾಯಕ ಕ್ರಿಯಾಪದ, ಎರಡನೆಯದು ಮುಖ್ಯ ಕ್ರಿಯಾಪದ ಎಂದು ಬೇರ್ಪಡಿಸಿ ನೋಡಿದ ಮೇಲೆಯೇ ಕೈ ಸುಮ್ಮನಾಯಿತು. ಮಾತಿನಲ್ಲಿ ಆ ಮೊದಲಿನ ‘ಹ್ಯಾಡ್’ ಕುಗ್ಗಿ ಬರೀ ‘ಡ್’ ಆಗುತ್ತದೆ. ‘ವುಡ್’ ಕೂಡ ಕುಗ್ಗಿದಾಗ ಅದೇ ‘ಡ್’. ಹಾಗಾಗಿ ‘ಐ ವಿಶ್ ಯುಡ್’ ಎಂದಷ್ಟೇ ಕೇಳಿದರೆ ಯಾವುದೆಂದು ಹೇಳುವಂತಿಲ್ಲ. ಮುಂದಿನ ಪದಕ್ಕಾಗಿ ಕಾಯಬೇಕು. ‘ಟೋಲ್ಡ್’ ಎಂದು ಬಂದರೆ ಒಳಗಿರುವುದು ಹ್ಯಾಡ್, ಮಾತು ಹಿಂದಿನದು. ‘ಟೆಲ್’ ಎಂದು ಬಂದರೆ ವುಡ್, ಮಾತು ಇನ್ನು ಮುಂದಿನದು. ಧ್ವನಿಮುದ್ರಣಗಳನ್ನು ಕೇಳಿ ಇದನ್ನು ಗುರುತಿಸುವ ಅಭ್ಯಾಸವೇ ತರಗತಿಯಲ್ಲಿ ಅತಿ ಹೆಚ್ಚು ಸಮಯ ತೆಗೆದುಕೊಂಡಿತು. ‘ಶುಡ್ ಹ್ಯಾವ್’ ಎಂಬುದು ಬಾಯಲ್ಲಿ ‘ಶುಡವ್’ ಆಗಿ, ಅದನ್ನು ಕೇಳಿದಂತೆಯೇ ‘ಶುಡ್ ಆಫ್’ ಎಂದು ಬರೆಯುವ ತಪ್ಪು ಇಂಗ್ಲಿಷ್ ಮನೆಮಾತಿನವರಲ್ಲೇ ವ್ಯಾಪಕವಾಗಿದೆ. ಇದೊಂದು ಕಡೆ ಪುಸ್ತಕದಿಂದ ಕಲಿತ ನಾವೇ ಸುರಕ್ಷಿತರು.

ಹಿಂದಿನ ಆಸೆಯನ್ನು ಹೇಳುವಾಗ ಇನ್ನೊಂದು ಸೂಕ್ಷ್ಮ ಎದುರಾಗುತ್ತದೆ. ಚಿಕ್ಕಂದಿನಲ್ಲಿ ನನಗೆ ಸೈಕಲ್ ಇರಲಿಲ್ಲ, ಇದ್ದಿದ್ದರೆ ಎಂದು ಆಗ ಹಂಬಲಿಸುತ್ತಿದ್ದೆ. ಎಲ್ಲವೂ ಹಿಂದಿನದೇ ಆದ್ದರಿಂದ ‘ಹ್ಯಾಡ್ ಹ್ಯಾಡ್’ ಬರಬೇಕೆಂದು ತರಗತಿಯ ಹೆಚ್ಚಿನವರು ಉತ್ತರಿಸಿದರು. ಸರಿಯಾದದ್ದು ‘ಆಸ್ ಎ ಚೈಲ್ಡ್ ಐ ವಿಶ್ಡ್ ಐ ಹ್ಯಾಡ್ ಎ ಬೈಸಿಕಲ್’. ಹಂಬಲವೂ ಕೊರತೆಯೂ ಒಂದೇ ಕಾಲದಲ್ಲಿದ್ದರೆ ಸಾದಾ ಭೂತಕಾಲವೇ ಸಾಕು. ಹಂಬಲಿಸುವ ಹೊತ್ತಿಗೆ ಸಂಗತಿ ಮುಗಿದುಹೋಗಿದ್ದರೆ ಮಾತ್ರ ಇನ್ನೊಂದು ಮೆಟ್ಟಿಲು ಇಳಿಯಬೇಕು. ದೂರವನ್ನು ಅಳೆಯುವುದು ಇವತ್ತಿನಿಂದಲ್ಲ, ಹಂಬಲಿಸಿದ ಗಳಿಗೆಯಿಂದ. ‘ವಿಶ್ಡ್’ ಎಂದು ಕಂಡ ಕೂಡಲೇ ಎಲ್ಲವನ್ನೂ ಹಿಂದಕ್ಕೆ ತಳ್ಳುವ ಯಾಂತ್ರಿಕ ಅಭ್ಯಾಸಕ್ಕೆ ಈ ಒಂದು ಉದಾಹರಣೆ ಒಳ್ಳೆಯ ಮದ್ದು.

‘ವಿಶ್’ ಜೊತೆಗೆ ‘ವುಡ್’ ಬಂದಾಗ ಹಂಬಲಕ್ಕಿಂತ ಅಸಹನೆ ಹೆಚ್ಚು. ‘ಇಟ್ ವೋಂಟ್ ಸ್ಟಾಪ್ ರೈನಿಂಗ್’ ಎಂಬ ಸಂಗತಿಯಿಂದ ‘ಐ ವಿಶ್ ಇಟ್ ವುಡ್ ಸ್ಟಾಪ್ ರೈನಿಂಗ್’ ಬರುತ್ತದೆ. ‘ಹಿ ವೋಂಟ್ ಲಿಸನ್’ ಎಂಬುದರಿಂದ ‘ಐ ವಿಶ್ ಹಿ ವುಡ್ ಲಿಸನ್’. ಎದುರಿನವರೋ ವಸ್ತುವೋ ಹಟ ಹಿಡಿದಂತೆ ನಡೆದುಕೊಳ್ಳುತ್ತಿದೆ, ಅದು ಬದಲಾಗಬಾರದೇ ಎಂಬ ಧ್ವನಿ. ಹಾಗಾಗಿ ‘ಐ ವಿಶ್ ಐ ವುಡ್’ ಎಂದು ಸಾಮಾನ್ಯವಾಗಿ ಹೇಳುವುದಿಲ್ಲ. ತನ್ನ ಹಟ ತನ್ನ ಕೈಯಲ್ಲೇ ಇರುತ್ತದೆ, ಅಲ್ಲಿಗೆ ‘ಕುಡ್’ ಬೇಕು. ಸ್ಥಿತಿಯನ್ನು ಹೇಳುವ ಕ್ರಿಯಾಪದಗಳ ಜೊತೆಗೂ ಇದು ಹೊಂದುವುದಿಲ್ಲ: ‘ಐ ವಿಶ್ ಐ ವರ್ ಟಾಲರ್’ ಎನ್ನುತ್ತಾರೆಯೇ ಹೊರತು ‘ವುಡ್ ಬಿ ಟಾಲರ್’ ಎನ್ನುವುದಿಲ್ಲ.

ನನಗೆ ಅತ್ಯಂತ ಹೆಚ್ಚು ಪ್ರಯೋಜನವಾದ ಪಾಠ ‘ಶುಡ್ ಹ್ಯಾವ್’ ಕುಟುಂಬದ್ದು, ಏಕೆಂದರೆ ನಮ್ಮ ‘ಬೇಕಿತ್ತು’ ನೇರವಾಗಿ ಬಂದು ಬೀಳುವುದು ಅಲ್ಲಿಗೆ. ಮೇಡಂ ತೆರೆಯ ಮೇಲೆ ಕನ್ನಡದಲ್ಲೇ ನಾಲ್ಕು ಪದಗಳನ್ನು ಬರೆದರು: ಹೋಗಬೇಕಾಯಿತು, ಹೋಗಬೇಕಿತ್ತು, ಹೋಗಬಾರದಿತ್ತು, ಹೋಗಬೇಕಿರಲಿಲ್ಲ. “ಪ್ರತಿಯೊಂದರಲ್ಲೂ ಹೋದರೋ ಇಲ್ಲವೋ ಹೇಳಿ,” ಎಂದರು. ಹೋಗಬೇಕಾಯಿತು ಎಂದರೆ ಇಷ್ಟವಿರಲಿ ಬಿಡಲಿ, ಹೋದರು. ಇಂಗ್ಲಿಷಿನಲ್ಲಿ ‘ಹ್ಯಾಡ್ ಟು ಗೋ’. ಹೋಗಬೇಕಿತ್ತು ಎಂದು ಹಳಹಳಿಸುವಾಗ ಹೋಗಿಲ್ಲ. ‘ಶುಡ್ ಹ್ಯಾವ್ ಗಾನ್’. ಹೋಗಬಾರದಿತ್ತು ಎಂದರೆ ಹೋದರು, ಈಗ ನೋವು; ‘ಶುಡ್ಂಟ್ ಹ್ಯಾವ್ ಗಾನ್’. ಹೋಗಬೇಕಿರಲಿಲ್ಲ ಎಂಬುದು ಮಾತ್ರ ಎರಡು ಕಡೆಗೂ ವಾಲುತ್ತದೆ. ಅನಗತ್ಯವಾಗಿ ಹೋಗಿಬಂದಿದ್ದರೆ ‘ನೀಡ್ಂಟ್ ಹ್ಯಾವ್ ಗಾನ್’, ಅಗತ್ಯವಿಲ್ಲವೆಂದಷ್ಟೇ ಹೇಳಬೇಕಾದರೆ ‘ಡಿಡ್ಂಟ್ ನೀಡ್ ಟು ಗೋ’. ಕಚೇರಿಯ ಬರಹಗಳಲ್ಲಿ ‘ಬೇಕಿತ್ತು’ ಎಂಬುದನ್ನು ‘ಹ್ಯಾಡ್ ಟು’ ಮಾಡಿಬಿಡುವುದನ್ನು ಎಷ್ಟೋ ಸಲ ನೋಡಿದ್ದೇನೆ. ‘ವಿ ಹ್ಯಾಡ್ ಟು ಚೆಕ್ ದಿ ಫೈಲ್’ ಎಂದು ಓದಿದವರು, ಪರಿಶೀಲಿಸಿದ್ದಾರೆ ಎಂದೇ ತಿಳಿಯುತ್ತಾರೆ. ಬರೆದವರ ಮನಸ್ಸಿನಲ್ಲಿರುವುದು ಪರಿಶೀಲಿಸಬೇಕಿತ್ತು, ಪರಿಶೀಲಿಸಲಿಲ್ಲ ಎಂಬುದು. ವ್ಯಾಕರಣದ ಸಣ್ಣ ಎಡವಟ್ಟು ಎಂದು ಇದನ್ನು ಬಿಡುವಂತಿಲ್ಲ, ನಡೆದದ್ದೇ ತಲೆಕೆಳಗಾಗುತ್ತದೆ.

ಅಷ್ಟರಲ್ಲಿ ತರಗತಿಯ ಒಬ್ಬ ಹಿರಿಯರು ಕೇಳಿದರು: “ಹಾಗಾದರೆ ‘ನನಗೊಂದು ಮಾತು ಹೇಳಬಾರದಿತ್ತೇ’ ಎಂಬುದನ್ನು ಏನು ಮಾಡುತ್ತೀರಿ, ಮೇಡಂ?” ‘ಹೇಳಬಾರದಿತ್ತು’ ಎಂದರೆ ಹೇಳಿದ್ದೇ ತಪ್ಪು, ಕೊನೆಗೊಂದು ‘ಏ’ ಹಚ್ಚಿದರೆ ಹೇಳದೆ ಇದ್ದದ್ದು ತಪ್ಪು. ಇದಕ್ಕೆ ಸರಿಸಮನಾದ ಪ್ರಶ್ನಾರೂಪ ಇಂಗ್ಲಿಷಿನಲ್ಲಿ ಸುಲಭವಾಗಿ ಸಿಗುವುದಿಲ್ಲ, ಆದರೆ ಅದೇ ಆಕ್ಷೇಪ ಹೊರುವ ವಾಕ್ಯವೊಂದಿದೆ: ‘ಯು ಮೈಟ್ ಹ್ಯಾವ್ ಟೋಲ್ಡ್ ಮಿ!’ ಅಥವಾ ‘ಯು ಕುಡ್ ಹ್ಯಾವ್ ಟೋಲ್ಡ್ ಮಿ!’ ಓದಿದರೆ ಬರೀ ಸಾಧ್ಯತೆಯ ಮಾತಿನಂತೆ ಕಾಣುತ್ತದೆ, ಹೇಳುವಾಗ ಧ್ವನಿ ಏರಿದರೆ ದೂರು. ಮೇಡಂ ಅದನ್ನು ಎರಡು ರೀತಿಯಲ್ಲೂ ಹೇಳಿ ತೋರಿಸಿದರು. ಹಿರಿಯರು ತಮ್ಮ ಮನೆಯಲ್ಲಿ ಬಳಸಲು ಎರಡನೆಯದನ್ನು ಬರೆದುಕೊಂಡರು.

‘ಇಫ್ ಓನ್ಲಿ’, ‘ವುಡ್ ರಾದರ್’, ‘ಇಟ್ಸ್ ಟೈಮ್’ ಇವುಗಳನ್ನು ಬೇಗ ಮುಗಿಸಿದೆವು, ಏಕೆಂದರೆ ಒಳಗಿನ ಯಂತ್ರ ಅದೇ. ‘ಇಫ್ ಓನ್ಲಿ ಐ ಹ್ಯಾಡ್ ಲಿಸನ್ಡ್’ ಎಂಬುದು ‘ಐ ವಿಶ್’ ಗಿಂತ ಒಂದು ಪಟ್ಟು ತೀವ್ರ. ಪದಗಳನ್ನು ಅದಲುಬದಲು ಮಾಡಿ ‘ಓನ್ಲಿ ಇಫ್’ ಎಂದರೆ ಅದು ಷರತ್ತಾಗುತ್ತದೆ, ಹಳಹಳಿಕೆ ಹೋಗಿಬಿಡುತ್ತದೆ. ‘ಐಡ್ ರಾದರ್ ಯು ಡಿಡ್ಂಟ್ ಸ್ಮೋಕ್ ಹಿಯರ್’ ಎಂಬಲ್ಲಿಯೂ ‘ಇಟ್ಸ್ ಟೈಮ್ ವಿ ಲೆಫ್ಟ್’ ಎಂಬಲ್ಲಿಯೂ ಭೂತಕಾಲವಿದೆ, ಆದರೆ ಯಾರೂ ಇನ್ನೂ ಸಿಗರೇಟು ಆರಿಸಿಲ್ಲ, ಯಾರೂ ಇನ್ನೂ ಹೊರಟಿಲ್ಲ. ಸೋಗಿನ ಭೂತಕಾಲ ಎಂಬ ಹೆಸರು ಇಲ್ಲಿ ಚೆನ್ನಾಗಿ ಒಪ್ಪುತ್ತದೆ.

ಸಂಭಾಷಣೆಯ ಅಭ್ಯಾಸದಲ್ಲಿ ನನಗೆ ಸೊಗಸೆನಿಸಿದ್ದು ತುಂಡು ಉತ್ತರಗಳು. ‘ಡು ಯು ಸ್ಪೀಕ್ ಫ್ರೆಂಚ್?’ ಎಂದರೆ ‘ಐ ವಿಶ್ ಐ ಡಿಡ್’. ‘ಆರ್ ಯು ಫ್ರೀ ಟುಮಾರೊ?’ ಎಂದರೆ ‘ಐ ವಿಶ್ ಐ ವರ್’. ‘ಕ್ಯಾನ್ ಯು ಸ್ಟೇ?’ ಎಂದರೆ ‘ಐ ವಿಶ್ ಐ ಕುಡ್’. ‘ಡಿಡ್ ಯು ಮೀಟ್ ಹಿಮ್?’ ಎಂದರೆ ‘ಐ ವಿಶ್ ಐ ಹ್ಯಾಡ್’. ಪ್ರಶ್ನೆಯ ಸಹಾಯಕ ಕ್ರಿಯಾಪದವನ್ನೇ ಹಿಡಿದು ಒಂದು ಮೆಟ್ಟಿಲು ಇಳಿಸಿ ಹಿಂದಿರುಗಿಸುವುದು. ಇಡೀ ವ್ಯಾಕರಣ ಆ ಕೊನೆಯ ಒಂದು ಪದದಲ್ಲಿ ಅಡಗಿರುತ್ತದೆ. ಇಲ್ಲ ಎಂದು ಕಡ್ಡಿ ಮುರಿದಂತೆ ಹೇಳದೆ ಇಲ್ಲವೆನ್ನುವ ಈ ಉಪಾಯ ಮೃದು ಸ್ವಭಾವದವರಿಗೆ ಬಲು ಅನುಕೂಲ. ಮೇಡಂ ಒಬ್ಬೊಬ್ಬರಿಗೂ ಸರಸರನೆ ಪ್ರಶ್ನೆ ಎಸೆಯುತ್ತಿದ್ದರು, ಯೋಚಿಸಲು ಬಿಡುವಿರುತ್ತಿರಲಿಲ್ಲ. ಕೆಲವು ವಾರಗಳಲ್ಲಿ ಎಡಪುಟದ ಸಂಗತಿ ಕಾಗದದಿಂದ ತಲೆಯೊಳಕ್ಕೆ ಸರಿದದ್ದು ಈ ಅಭ್ಯಾಸದಿಂದಲೇ ಎಂದು ನನ್ನ ನಂಬಿಕೆ.

ಬರವಣಿಗೆಯ ಹಂತ ಕೊನೆಯದು. ‘ರಿಗ್ರೆಟ್’ ಎಂಬ ಕ್ರಿಯಾಪದವನ್ನು ಅಲ್ಲಿ ತೆಗೆದುಕೊಂಡೆವು. ‘ಐ ರಿಗ್ರೆಟ್ ಟು ಸೇ’ ಎಂದರೆ ಕೆಟ್ಟ ಸುದ್ದಿ ಈಗ ಬರಲಿದೆ. ‘ಐ ರಿಗ್ರೆಟ್ ಸೇಯಿಂಗ್’ ಎಂದರೆ ಮಾತು ಆಗಲೇ ಆಡಿಯಾಗಿದೆ, ಈಗ ಪಶ್ಚಾತ್ತಾಪ. ಅರ್ಜಿ ತಿರಸ್ಕರಿಸುವ ಪತ್ರಗಳು ‘ವಿ ರಿಗ್ರೆಟ್ ಟು ಇನ್ಫಾರ್ಮ್ ಯು’ ಎಂದು ಆರಂಭವಾಗುವುದು ಇದೇ ಕಾರಣಕ್ಕೆ. ಅಲ್ಲಿ ‘ಇನ್ಫಾರ್ಮಿಂಗ್’ ಎಂದು ಬರೆದರೆ, ತಿಳಿಸಿದ್ದಕ್ಕೇ ಸಂಸ್ಥೆ ಪಶ್ಚಾತ್ತಾಪ ಪಡುತ್ತಿದೆ ಎಂದಾಗುತ್ತದೆ. ‘ರಿಗ್ರೆಟ್’ ಭಾರವಾದ ಪದ. ಔಪಚಾರಿಕ ಪತ್ರದ ಹೊರಗೆ ಅದನ್ನು ಮೇಲಿಂದ ಮೇಲೆ ಬಳಸಿದರೆ ಬರಹ ಸುತ್ತೋಲೆಯಂತೆ ಕಾಣುತ್ತದೆ.

ಕೊನೆಯ ಅಭ್ಯಾಸವಾಗಿ ಒಂದು ಪತ್ರ ಬರೆಯಬೇಕಿತ್ತು. ಸನ್ನಿವೇಶ ಮೇಡಂ ಕೊಟ್ಟದ್ದು: ಜೊತೆಯಲ್ಲಿ ಕೆಲಸ ಮಾಡುವ ಇನ್ನೊಂದು ತಂಡದವರು ನಕ್ಷೆಯ ಅಳತೆ ಬದಲಾದದ್ದನ್ನು ತಿಳಿಸಲಿಲ್ಲ, ನಿಮ್ಮ ತಂಡ ಹಳೆಯ ಅಳತೆಯಲ್ಲೇ ಕೆಲಸ ಮುಗಿಸಿತು, ಈಗ ಎಲ್ಲವನ್ನೂ ಮತ್ತೆ ಮಾಡಬೇಕು. ಅವರಿಗೆ ಬರೆಯಿರಿ. ನಾನು ಮುಖ್ಯ ವಾಕ್ಯವನ್ನು ಮೂರು ಬಗೆಯಲ್ಲಿ ಬರೆದು ನೋಡಿದೆ. ‘ಯು ಶುಡ್ ಹ್ಯಾವ್ ಟೋಲ್ಡ್ ಅಸ್ ಅರ್ಲಿಯರ್’ ಎಂಬುದು ವ್ಯಾಕರಣದಲ್ಲಿ ನಿರ್ದುಷ್ಟ, ಸ್ವರದಲ್ಲಿ ಆರೋಪಪಟ್ಟಿ. ‘ಶುಡ್ ಹ್ಯಾವ್’ ನಮ್ಮನ್ನೇ ಕುರಿತಾದಾಗ ಹಳಹಳಿಕೆ, ಎದುರಿನವರ ಮೇಲೆ ತಿರುಗಿದಾಗ ಛೀಮಾರಿ. ‘ಐ ವಿಶ್ ಯು ಹ್ಯಾಡ್ ಟೋಲ್ಡ್ ಅಸ್ ಅರ್ಲಿಯರ್’ ಎಂಬಲ್ಲಿ ಸಂಗತಿ ಅದೇ, ಆದರೆ ವಾಕ್ಯ ನನ್ನ ಹಂಬಲದಿಂದ ಹೊರಡುತ್ತದೆ. ಅವರ ಹೆಸರಿದ್ದರೂ ಬೆರಳು ತೋರಿಸಿದಂತಾಗುವುದಿಲ್ಲ. ಮೂರನೆಯದು ‘ಐ ವಿಶ್ ವಿ ಹ್ಯಾಡ್ ನೋನ್ ಅರ್ಲಿಯರ್’. ಇಲ್ಲಿ ತಿಳಿಸಬೇಕಾಗಿದ್ದವರು ಯಾರೆಂಬುದೇ ವಾಕ್ಯದಿಂದ ಜಾರಿಹೋಗಿದೆ. ‘ಐ ವಿಶ್ ಯು ವುಡ್ ಹ್ಯಾವ್ ಟೋಲ್ಡ್ ಅಸ್’ ಎಂದು ಒಬ್ಬರು ಬರೆದಿದ್ದರು. ಅಮೆರಿಕದ ಆಡುಮಾತಿನಲ್ಲಿ ಅದು ಕೇಳಿಬರುತ್ತದೆಯಾದರೂ ಎಚ್ಚರಿಕೆಯ ಬರಹದಲ್ಲಿ ‘ಹ್ಯಾಡ್’ ಇರಬೇಕೆಂದು ಮೇಡಂ ತಿದ್ದಿದರು.

ಮೂರರಲ್ಲಿ ಮೇಡಂ ಮೂರನೆಯದನ್ನು ಶಿಫಾರಸು ಮಾಡಿದರು. ಸಂಬಂಧ ಉಳಿಯುವುದು ಮುಖ್ಯ ಎಂಬುದು ಅವರ ವಾದ. ನನಗೆ ಅದು ಒಪ್ಪಿಗೆಯಾಗಲಿಲ್ಲ. ಯಾರು ಯಾರಿಗೆ ತಿಳಿಸಬೇಕು ಎಂಬುದು ಆ ಪತ್ರದಲ್ಲಿ ಬರದಿದ್ದರೆ ಮುಂದಿನ ಅಳತೆಯೂ ಹೀಗೆಯೇ ನಡುವೆ ಬಿದ್ದುಹೋಗುತ್ತದೆ ಎಂದೆ. ಎರಡನೆಯದನ್ನೇ ಇಟ್ಟುಕೊಂಡು, ಅದರ ಕೆಳಗೆ ಇನ್ನೂ ಆಗಬಹುದಾದ ಸಂಗತಿಗೆಂದು ‘ಐ ಹೋಪ್ ಯು ವಿಲ್ ಸೆಂಡ್ ಅಸ್ ದಿ ನೆಕ್ಸ್ಟ್ ಚೇಂಜ್ ಆನ್ ದಿ ಸೇಮ್ ಡೇ’ ಎಂದು ಸೇರಿಸಿದೆ. ಮೇಡಂ ಎರಡೂ ವಾಕ್ಯಗಳನ್ನು ಓದಿ, ‘ನೆಕ್ಸ್ಟ್ ಚೇಂಜ್’ ಬದಲು ‘ಎನಿ ಫರ್ದರ್ ಚೇಂಜಸ್’ ಎಂದು ಮಾತ್ರ ತಿದ್ದಿ, ಉಳಿದದ್ದನ್ನು ಹಾಗೆಯೇ ಬಿಟ್ಟರು.